ಅಕ್ಕನನ್ನು ಕರೆಯಲು ಕಾರು ಕಳಿಸಿದ ವರ್ಷ

ಒಂದು ವರ್ಷ ಪಂಚಮಿಗೆ ಅಕ್ಕನನ್ನು ಕರೆಯಲು ನಾನು ಹೋಗಲಿಲ್ಲ. ಕಾರು ಕಳಿಸಿದೆ. ಡ್ರೈವರ್ ಹೋಗಿ ಕರೆದುಕೊಂಡು ಬಂದ.

ಇದರಲ್ಲಿ ತಪ್ಪೇನು ಎಂದು ದೂರದವರಿಗೆ ಅನ್ನಿಸಬಹುದು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಗಂಡನ ಮನೆಯ ಬಾಗಿಲಿಗೆ ಹೋಗಿ ನಿಂತು, ಚಹಾ ಕುಡಿದು, ‘ಕಳಸ್ರಿ’ ಎಂದು ಕೇಳಿ ಕರೆದುಕೊಂಡು ಬರಬೇಕು. ಬಡವನಾದರೆ ಬಸ್ಸಿಗೆ ಹೋಗುತ್ತಾನೆ, ಇದ್ದವನು ಗಾಡಿ ತರುತ್ತಾನೆ. ಹೋಗುವುದಂತೂ ತಾನೇ.

ನಾನು ಐದನೆಯ ಇಯತ್ತೆಯ ತನಕ ಮಾತ್ರ ಓದಿದವನು. ಬರೆಯುವ ರೂಢಿ ಕಡಿಮೆ. ಆದರೆ ಗಿಡ, ಗಾಡಿ, ಪೇಟೆ ಈ ಮೂರರ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಗಾಡಿಯಿಂದಲೇ ಶುರು ಮಾಡುತ್ತೇನೆ.

ನಮ್ಮದು ಸಿಂದಗಿ ತಾಲೂಕಿನ ಯಂಕಂಚಿ. ಹೊಲದಲ್ಲಿ ಲಿಂಬಿ ಗಿಡ, ಮಾಲು ಇಂಡಿ ಪೇಟೆಗೆ. ಅಪ್ಪ ತೀರಿಕೊಂಡಾಗ ಗಿಡಗಳು ಮೊಣಕಾಲೆತ್ತರ ಇದ್ದವು. ಆಗ ಬೇಸಿಗೆಯಲ್ಲಿ ಬಾವಿಯಿಂದ ಕೊಡ ಹೊತ್ತು ಒಂದೊಂದು ಗಿಡದ ಬುಡಕ್ಕೂ ನೀರು ಹಾಕಿದವಳು ಅಕ್ಕ. ಸಾಲಿ ಬಿಟ್ಟ ನಾನು ಅವಳ ಹಿಂದೆ ಸಣ್ಣ ತಂಬಿಗೆ ಹಿಡಿದು ಓಡಾಡಿದ್ದೇ ಹೆಚ್ಚು. ಗಿಡ ಫಲಕ್ಕೆ ಬರುವ ಹೊತ್ತಿಗೆ ಅವಳ ಮದುವೆಯಾಯಿತು. ಮುದ್ದೇಬಿಹಾಳ ಆಚೆ, ಕೃಷ್ಣೆಯ ದಂಡೆಯ ತಂಗಡಗಿಗೆ ಕೊಟ್ಟೆವು. ಅವಳು ನೀರುಣಿಸಿದ ಗಿಡಗಳ ಹಣ್ಣು ಮಾರಿ ನಾನು ಮುಂದೆ ಈ ಗಾಡಿ ಕೊಂಡೆ.

ಆಗ ನಮ್ಮ ಕಡೆ ಅಂಥ ಗಾಡಿಗಳು ಆಗಷ್ಟೇ ಕಾಲಿಟ್ಟಿದ್ದವು. ಒಳಗೆ ಕುಳಿತರೆ ಕಾರಿನಂತೆ ಮೆತ್ತಗೆ, ಹೊರಗೆ ನಿಂತು ನೋಡಿದರೆ ಜೀಪಿನಂತೆ ಎತ್ತರ. ಚರ್ಮದ ಸೀಟು, ತಣ್ಣನೆ ಗಾಳಿ, ಒಂದು ಬಟನ್ ಒತ್ತಿದರೆ ಇಳಿಯುವ ಗ್ಲಾಸು. ಮಂತ್ರಿಗಳು ಓಡಾಡುವ ಗಾಡಿಯ ಬೆಲೆ ನಮಗೆ ಮುಟ್ಟುವಂಥದ್ದಲ್ಲ. ಇದು ಮಾತ್ರ ಕೈಗೆಟುಕುವಂತಿತ್ತು, ನೋಡಿದವರಿಗೆ ಎರಡಕ್ಕೂ ಹೆಚ್ಚಿನ ವ್ಯತ್ಯಾಸ ಕಾಣುತ್ತಿರಲಿಲ್ಲ. ಎರಡು ಸಲ ಲಿಂಬಿಗೆ ಒಳ್ಳೆಯ ರೇಟು ಸಿಕ್ಕಿತು, ಕೊಂಡೆ.

ನಾನು ಬಲ್ಲಂತೆ ಸುತ್ತಿನ ನಾಲ್ಕು ತಾಲೂಕಿನಲ್ಲಿ ಅದೇ ನಮೂನೆಯ ಗಾಡಿ ನಾಲ್ಕೇ ಮಂದಿಯ ಹತ್ತಿರ ಇತ್ತು. ಇಂಡಿಯ ದ್ರಾಕ್ಷಿ ತೋಟದವನು ಸೀಟಿನ ಪ್ಲಾಸ್ಟಿಕ್ ಕವರ್ ತೆಗೆಯಲೇ ಇಲ್ಲ. ಬೇಸಿಗೆಯಲ್ಲಿ ಅವನ ಗಾಡಿಯಿಂದ ಇಳಿಯುವವರ ಧೋತರ ಸೀಟಿಗೆ ಅಂಟಿಕೊಂಡು ಪಜೀತಿಯಾಗುತ್ತಿತ್ತು. ಬಸವನ ಬಾಗೇವಾಡಿಯ ಅರಿವಿ ವ್ಯಾಪಾರಿ ಚಪ್ಪಲಿ ಬಿಚ್ಚಿಸಿಯೇ ಒಳಗೆ ಕೂರಿಸುತ್ತಿದ್ದ. ಮುದ್ದೇಬಿಹಾಳದ ಗುತ್ತಿಗೆದಾರ ಗಾಡಿಯ ಎತ್ತರ ನಂಬಿ ಮಳೆಯಾದ ಮರುದಿನವೇ ಎರಿ ಹೊಲದ ಕರಿ ಮಣ್ಣಿನ ದಾರಿಗೆ ಇಳಿಸಿಬಿಟ್ಟ. ಚಕ್ರ ಅಲ್ಲೇ ಹೂತುಕೊಂಡವು. ಸಿಂದಗಿಯ ಚಹಾ ಹೋಟೆಲಿನಲ್ಲಿ ನಾವು ನಾಲ್ವರೂ ಕೂಡಿದಾಗ ಅವನು ತಾನೇ ಹೇಳಿದ:

‘ಎಷ್ಟ್ ಎಕ್ಸಲೇಟರ್ ಒತ್ತಿದ್ರೂ ಚಕ್ರ ಕುಂತಲ್ಲೇ ತಿರಗಾಕತ್ತಿದ್ದು. ಕಡೀಕ ಎತ್ತು ಕಟ್ಟಿ ಎಳಸಿದ್ವಿ.’

‘ಎತ್ತಿನವ ಏನಂದ?’

‘ಏನಂತಾನ? “ಸಾವ್ಕಾರ್ರ, ಇದು ಜೀಪಲ್ಲರಿ, ಜೀಪಿನ ಅಂಗಿ ಹಾಕ್ಕೊಂಡ ಕಾರು” ಅಂದ!’

ಹೋಟೆಲಿನವನೂ ಸೇರಿ ಎಲ್ಲರೂ ನಕ್ಕೆವು. ನನ್ನ ಹುಚ್ಚು ಬೇರೆಯೇ ಇತ್ತು. ನಾನು ಗ್ಲಾಸುಗಳಿಗೆಲ್ಲ ಕಪ್ಪು ಫಿಲ್ಮ್ ಹಾಕಿಸಿದ್ದೆ. ಹೊರಗಿನವರಿಗೆ ಒಳಗೆ ಯಾರಿದ್ದಾರೆಂದು ತಿಳಿಯಬಾರದು, ತಿಳಿಯಬೇಕೆಂಬ ಕುತೂಹಲ ಮಾತ್ರ ಹುಟ್ಟಬೇಕು. ನನಗೆ ಟ್ರ್ಯಾಕ್ಟರ್ ಬರುತ್ತಿತ್ತು, ಕಾರೂ ಬರುತ್ತಿತ್ತು. ಆದರೂ ಹಿಂದೆ ಕೂರುವ ಆಸೆಗೆ ಡ್ರೈವರ್ ಇಟ್ಟುಕೊಂಡೆ.

ಈಗ ಪಂಚಮಿಯ ಮಾತು. ಮೀಸೆ ಮೂಡುವ ಮೊದಲಿನಿಂದಲೂ ಅಕ್ಕನನ್ನು ಕರೆಯಲು ನಾನೇ ಹೋಗುತ್ತಿದ್ದೆ. ತಂಗಡಗಿಯಿಂದ ಮುದ್ದೇಬಿಹಾಳ, ಅಲ್ಲಿಂದ ಬಸವನ ಬಾಗೇವಾಡಿ, ಆಮೇಲೆ ಸಿಂದಗಿ, ಹೀಗೆ ಬಸ್ಸಿನ ಮೇಲೆ ಬಸ್ಸು. ಅಕ್ಕ ಕಿಟಕಿಯ ಸೀಟು ಹಿಡಿದಳೆಂದರೆ ಊರು ಬರುವ ತನಕ ಹೊರಗೇ ಕಣ್ಣು. ‘ತಮ್ಮಾ, ಅಗಾ ನೋಡು, ಇವರು ಈ ಸಲ ಸೂರ್ಯಪಾನ ಹಾಕ್ಯಾರ, ಹೊಲ ತುಂಬ ಹಳದಿ ಹೂವು’, ‘ಆ ಬಾವಿ ಮ್ಯಾಲಿನ ಬೇವಿನ ಗಿಡ ಕಡದಾರ, ಯಾವ ಪುಣ್ಯಾತ್ಮ ಕಡದ್ನೋ’ ಎಂದು ದಾರಿಯುದ್ದಕ್ಕೂ ಹೇಳುವಳು. ನಡುನಡುವೆ ತನ್ನ ಸುದ್ದಿ. ಅತ್ತೆಯ ಮನೆಯಲ್ಲಿ ಕಿವಿ ಬಹಳ. ತವರಿಗೆ ಬಂದರೆ ಅವ್ವ, ನನ್ನ ಹೆಂಡತಿ, ಓಣಿಯ ಹೆಂಗಸರು ಸುತ್ತುವರಿಯುತ್ತಿದ್ದರು. ಬಸ್ಸಿನಲ್ಲಿ ಮಾತ್ರ ನಾವಿಬ್ಬರೇ. ಗಂಡನೊಡನೆ ಮುನಿಸು, ಮಗನ ಜ್ವರ, ಮುರಿಸಿ ಮಾಡಿಸಿದ ಬಂಗಾರದ ಬೋರಮಾಳ, ಎಲ್ಲ ನನಗೆ ತಿಳಿದದ್ದು ಆ ಸೀಟಿನಲ್ಲೇ. ವರ್ಷದ ಮಾತನ್ನು ಅವಳು ಆ ದಾರಿಗೆಂದೇ ಕೂಡಿಡುತ್ತಿದ್ದಳು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋಗಲಿಲ್ಲ.

ಏಕೆ ಹೋಗಲಿಲ್ಲ? ಕೆಲಸವೇನೂ ಇರಲಿಲ್ಲ. ಗಾಡಿ ಕೊಂಡ ಮೇಲೆ ಎಲ್ಲಿಗೆ ಹೋದರೂ ನಾನು ಅದರ ಒಳಗೇ ಇರುತ್ತಿದ್ದೆ. ಅದು ಊರೊಳಗೆ ಬರುವಾಗ ಹೊರಗಿನಿಂದ ಹೇಗೆ ಕಾಣುತ್ತದೆಂದು ನೋಡಿರಲೇ ಇಲ್ಲ. ಪಂಚಮಿ ಶುರುವಾಗುವ ರೊಟ್ಟಿ ಹಬ್ಬದ ದಿನ, ಎಲ್ಲರ ಮನೆಗೂ ಹೆಣ್ಣುಮಕ್ಕಳು ಬರುವ ದಿನ, ನನ್ನ ಅಕ್ಕನನ್ನು ಹೊತ್ತುಕೊಂಡು ನನ್ನ ಗಾಡಿ ಬರುವುದನ್ನು ಮಂದಿಯ ನಡುವೆ ನಿಂತು ನೋಡಬೇಕೆನ್ನಿಸಿತು. ಅಷ್ಟೇ ಕಾರಣ.

ನಿಂತೆ. ಮನೆಯ ಮುಂದಿನ ಕಟ್ಟೆಯ ಮೇಲೆ ಇಸ್ತ್ರಿ ಅಂಗಿ ತೊಟ್ಟು ನಿಂತೆ. ಓಣಿಯವರೂ ಸೇರಿದ್ದರು. ಗಾಡಿ ತಿರುವಿನಲ್ಲಿ ಕಾಣಿಸಿತು. ಸುಳ್ಳು ಹೇಳಲಾರೆ, ಬಹಳ ಚೆಂದ ಕಂಡಿತು. ಕರಿಯ ಗ್ಲಾಸಿನಲ್ಲಿ ನಮ್ಮ ಮನೆಗಳೇ ಹರಿದು ಹೋಗುತ್ತಿದ್ದವು.

ಬಾಗಿಲು ತೆರೆಯಿತು. ಅಕ್ಕ ತಟ್ಟನೆ ಇಳಿಯಲಿಲ್ಲ. ಒಂದು ಕಾಲು ಹೊರಗೆ ಚಾಚಿ ನೆಲ ಹುಡುಕಿದಳು, ಮತ್ತೆ ಒಳಗೆಳೆದುಕೊಂಡಳು, ಮತ್ತೆ ಚಾಚಿದಳು.

‘ಎತ್ತರ ಐತಿ ಅಕ್ಕಾ, ಸಾವಕಾಶ ಇಳಿ’ ಎಂದೆ. ಎಲ್ಲರಿಗೂ ಕೇಳುವಂತೆ ಜೋರಾಗಿ ಎಂದೆ.

ಅವಳು ಇಳಿದು ಸೆರಗು ಸರಿಪಡಿಸಿಕೊಂಡು ಕೇಳಿದಳು, ‘ನೀ ಯಾಕ ಬರ್ಲಿಲ್ಲೋ ತಮ್ಮಾ?’

‘ನಾ ಬಂದಿದ್ರ ಒಬ್ಬಾಕೀನ ಹಿಂಗ ಕಾಲು ಚಾಚಿ ಕುಂಡ್ರಾಕ ಆಗ್ತಿತ್ತೇನು? ರಾಣಿ ಬಂದಂಗ ಬಂದಿ ನೋಡು!’

ಡ್ರೈವರ್ ನಗುತ್ತ ಹತ್ತಿರ ಬಂದ. ‘ಸಾವ್ಕಾರ್ರ, ಅಕ್ಕಾರ್ದು ದಾರಿ ತುಂಬ ಒಂದ ಮಾತ್ರಿ. “ಹೊರಗ ಏನೂ ಕಾಣವಲ್ದಲ್ಲೋ” ಅಂತ. ಕಪ್ಪು ಗ್ಲಾಸ್ ಐತ್ರಿ ಅಕ್ಕಾರ, ಸೂರ್ಯಗ ಸೈತ ಒಳಗ ಬರಾಕ ಪರವಾನಗಿ ಇಲ್ರಿ ಅಂತ ಹೇಳಿದ್ನಿ.’

ಓಣಿಗೆ ಓಣಿಯೇ ನಕ್ಕಿತು. ಅಕ್ಕನೂ ನಕ್ಕಳು. ಆ ಮಾತನ್ನು ನಾನು ಹಬ್ಬ ಮುಗಿಯುವ ತನಕ ಬಂದವರಿಗೆಲ್ಲ ಹೇಳಿದೆ. ಆಮೇಲೆ ಸಿಂದಗಿಯ ಹೋಟೆಲಿನಲ್ಲಿಯೂ ಹೇಳಿದೆ. ಫಿಲ್ಮಿನ ಗುಣಮಟ್ಟಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಕಿರಲಿಲ್ಲ.

ಮರುದಿನ ಹೆಣ್ಣುಮಕ್ಕಳು ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದರು. ಪ್ರತಿ ವರ್ಷ ನಿಂತು ಜೀಕುವವಳು ಅಕ್ಕ. ಅವಳ ಜೀಕಿಗೆ ಟೊಂಗೆ ಕಿರುಗುಟ್ಟುತ್ತಿತ್ತು. ಆ ಸಲ ‘ತಲಿ ತಿರಗತೈತಿ, ಒಲ್ಲೆವ್ವಾ’ ಎಂದು ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಸಂಜೆ ಶೇಂಗಾ ಉಂಡಿ ತಿನ್ನುತ್ತ ನನ್ನ ತೋಳು ಹಿಡಿದು, ‘ತಮ್ಮಾ, ಸ್ವಲ್ಪ ಹೊಲದ ಕಡೆ ಹೋಗಿ ಬರೂನು ಬಾ, ಮಾತಾಡೂದೈತಿ’ ಎಂದಳು. ಆಗಲೇ ಬೀಗರು ಗಾಡಿ ನೋಡಲು ಬಂದಿದ್ದರು, ಅವರನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆಯಬೇಕಿತ್ತು. ‘ಬಂದೆ ಅಕ್ಕಾ’ ಎಂದು ಹೋದವನು ತಿರುಗಿ ಬಂದಾಗ ಅವಳು ಹೆಂಗಸರ ನಡುವೆ ಕುಳಿತಿದ್ದಳು. ಹಬ್ಬ ಮುಗಿದ ಮೇಲೆ ಡ್ರೈವರನೇ ಅವಳನ್ನು ಬಿಟ್ಟು ಬಂದ.

ಮುಂದಿನ ಬೇಸಿಗೆಯಲ್ಲಿ ಬಸವನ ಬಾಗೇವಾಡಿಯಲ್ಲಿ ನಮ್ಮ ಸಂಬಂಧಿಕರ ಮದುವೆ. ಅಕ್ಕನೂ ಬಂದಿದ್ದಳು. ಊಟ ಮುಗಿಸಿ ಎಲ್ಲರೂ ಹೊರಟೆವು. ಗಾಡಿಯ ಬಾಗಿಲು ಅಗಲವಾಗಿ ತೆರೆದಿತ್ತು. ಅಕ್ಕ ಯಾರೊಡನೆಯೋ ಮಾತಾಡುತ್ತ ಬಂದವಳು ಹಾಡಹಗಲು, ನೆತ್ತಿಯ ಮೇಲೆ ಬಿಸಿಲಿರುವಾಗ, ಆ ಬಾಗಿಲಿಗೆ ನೇರವಾಗಿ ನಡೆದು ಹಣೆ ಬಡಿಸಿಕೊಂಡಳು. ರಕ್ತ ಬಂತು. ಅವಳು ಮೊದಲು ಮಾಡಿದ ಕೆಲಸವೆಂದರೆ ಸೆರಗಿನಿಂದ ಹಣೆ ಮುಚ್ಚಿಕೊಂಡು, ‘ಏನಿಲ್ಲ, ಏನಿಲ್ಲ, ಬಿಸಲಿಗೆ ಕಣ್ಣು ಕತ್ತಲಾತು’ ಎಂದದ್ದು.

ನಾನು ಅವಳ ಮುಖದ ಪಕ್ಕಕ್ಕೆ ಬೆರಳು ಹಿಡಿದೆ. ‘ಎಷ್ಟು?’

‘ಎಲ್ಲಿ ಹಿಡದೀ?’ ಎಂದಳು.

ಅಲ್ಲಿಂದಲೇ ಸೊಲ್ಲಾಪುರಕ್ಕೆ ಕರೆದೊಯ್ದೆ. ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿ, ಕಣ್ಣಿನೊಳಗೆ ಒತ್ತಡ ಏರುವ ರೋಗ, ಕಾಚಬಿಂದು ಎಂದರು. ಒಂದು ಕಣ್ಣು ಬಹುತೇಕ ಹೋಗಿದೆ, ಇನ್ನೊಂದರಲ್ಲಿ ಕೊಳವೆಯಲ್ಲಿ ನೋಡಿದಷ್ಟು ಉಳಿದಿದೆ. ಹೋದದ್ದು ತಿರುಗಿ ಬರುವುದಿಲ್ಲ, ಔಷಧ ಬಿಡದೆ ಹಾಕಿದರೆ ಉಳಿದದ್ದು ಉಳಿಯುತ್ತದೆ. ‘ವರ್ಷ ಮೊದಲೇ ಬಂದಿದ್ದರೆ’ ಎಂದು ಅರ್ಧಕ್ಕೆ ನಿಲ್ಲಿಸಿದರು. ಅವರು ನಿಲ್ಲಿಸಿದ ಮಾತನ್ನು ನಾನು ದಿನವೂ ಪೂರ್ತಿ ಮಾಡಿಕೊಂಡಿದ್ದೇನೆ.

ತಿರುಗಿ ಬರುವಾಗ ಸಿಟ್ಟಿನಿಂದಲೇ ಕೇಳಿದೆ, ‘ಇಷ್ಟ್ ಆಗೂ ತನಕ ಯಾಕ ಬಾಯಿ ಬಿಡ್ಲಿಲ್ಲ ನೀ?’

‘ಮನ್ಯಾಗ ಹೇಳಿದ್ರ ಒಲಿ ಮುಂದಿಂದ ಎಬ್ಬಿಸಿಬಿಡ್ತಾರ ತಮ್ಮಾ. ಕಣ್ಣಿಲ್ದಾಕಿ ಕೈಯಾಗ ಸಂಸಾರ ಯಾರು ಕೊಡ್ತಾರ? ನಿನಗ ಹೇಳಬೇಕಂತ ಮಾಡಿದ್ದೆ, ಪಂಚಮಿಗೆ ಬರ್ತಾ ದಾರ್ಯಾಗ. ನೀ ಬರ್ಲಿಲ್ಲ.’

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ಮಳೆ ಬರಲಿಲ್ಲ ಎಂದಂತೆ ಹೇಳಿ, ತಲೆ ಹಿಂದಕ್ಕೊರಗಿಸಿ ಕಣ್ಣು ಮುಚ್ಚಿದಳು. ಮುಂದೆ ಕುಳಿತಿದ್ದ ಡ್ರೈವರನ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದ ಕಾಣಿಸಿತು.

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ಎಲ್ಲರೂ ನನ್ನನ್ನು ಹೊಗಳಿದರು. ಅಕ್ಕನ ಗಂಡ ನನ್ನ ಎರಡೂ ಕೈ ಹಿಡಿದು, ‘ನಿನ್ನಂಥಾ ತಮ್ಮ ಇದ್ದದ್ದಕ್ಕ ಇಷ್ಟರೆ ಉಳೀತು’ ಎಂದ. ನಾನು ಅವನ ಮನೆಯ ಪಡಸಾಲೆಯಲ್ಲಿ ಕುಳಿತು, ಅಕ್ಕನನ್ನು ಒಲೆಯ ಮುಂದಿನಿಂದ ಎಬ್ಬಿಸಕೂಡದು ಎಂದು ಖಡಾಖಂಡಿತವಾಗಿ ಹೇಳಿ ಬಂದೆ, ಯಾರೂ ಎದುರಾಡಲಿಲ್ಲ. ತಿಂಗಳು ತಿಂಗಳು ಔಷಧದ ಬಾಟಲಿ ತಪ್ಪದೆ ಮುಟ್ಟಿಸಿದೆ. ಹೇಳಬೇಕಾದ ಒಂದು ಮಾತು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾಡಿದೆ. ಅವಳ ಮುಂದೆ ಕುಳಿತರೆ ‘ಔಷಧ ಹಾಕ್ಕೊಂಡೀ?’ ಎಂಬುದಷ್ಟೇ ಬಾಯಿಗೆ ಬರುತ್ತಿತ್ತು.

ಮತ್ತೆ ಪಂಚಮಿ ಬಂತು. ಹಿಂದಿನ ದಿನ ಬಿಸಿನೀರು, ಬ್ಲೇಡು ಇಟ್ಟುಕೊಂಡು ಗ್ಲಾಸಿನ ಕಪ್ಪು ಫಿಲ್ಮನ್ನು ನಾನೇ ಕೆರೆದು ತೆಗೆದೆ. ‘ಅಷ್ಟ್ ರೊಕ್ಕ ಕೊಟ್ಟು ಹಾಕ್ಸಿದ್ದು!’ ಎಂದಳು ಹೆಂಡತಿ. ಅಂಟು ಅಲ್ಲಲ್ಲಿ ಉಳಿದು ಗ್ಲಾಸು ಗೀಚಿದಂತಾಯಿತು. ಇಂದಿಗೂ ಹಾಗೇ ಇದೆ. ಡ್ರೈವರನಿಗೆ ರಜೆ ಕೊಟ್ಟು ತಂಗಡಗಿಗೆ ಒಬ್ಬನೇ ಹೋದೆ. ಬಾಗಿಲಲ್ಲಿ ನಿಂತೆ, ಚಹಾ ಕುಡಿದೆ, ‘ಕಳಸ್ರಿ’ ಎಂದೆ.

ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ಮುದ್ದೇಬಿಹಾಳ ದಾಟಿದ ಮೇಲೆ ಅವಳು ಕೇಳಿದಳು, ‘ಎದುರಿನ ರಸ್ತೆ ಕಾಣತೈತಿ. ಬಾಜೂಕಿಂದು ಕಾಣಂಗಿಲ್ಲ. ಏನ್ ಹಾಕ್ಯಾರ ಹೇಳು.’

‘ಎಡಕ್ಕ ಸೂರ್ಯಪಾನ. ಅದರ ಆಚೆ ಸಜ್ಜಿ. ಬಲಕ್ಕ ತೊಗರಿ.’

‘ಬಲಕ್ಕ ಯಾವ ಹೊಲ? ಮುರುಕು ಗ್ವಾಡಿ ಬಾವಿ ಐತಲ್ಲ, ಅದಾ?’

‘ಹೌದು, ಅದ.’

‘ಅವರು ತೊಗರಿ ಹಾಕಂಗಿಲ್ಲ ಬಿಡು. ಹೆಸರಿರಬೇಕು, ಛೊಲೊ ನೋಡು.’

ಗಾಡಿ ನಿಧಾನ ಮಾಡಿ ನೋಡಿದೆ. ಹೆಸರೇ. ‘ಕಣ್ಣಿದ್ದವನ ಕಣ್ಣು ಇಷ್ಟ!’ ಎಂದು ಅವಳು ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ವರ್ಷದ ಮೇಲೆ ಆ ನಗು ಕೇಳಿದ್ದೆ. ಗಾಡಿಯನ್ನು ರಸ್ತೆಯ ಮಗ್ಗುಲಿಗೆ ತಂದು ನಿಲ್ಲಿಸಿ ಇಂಜಿನ್ ಬಂದ್ ಮಾಡಿದೆ.

‘ಯಾಕೋ, ಮತ್ತ ಹೂತಿತೇನು?’ ಎಂದಳು. ಗುತ್ತಿಗೆದಾರನ ಎತ್ತಿನ ಕಥೆ ಅವಳಿಗೂ ಗೊತ್ತಿತ್ತು.

ನಾನು ಗ್ಲಾಸು ಇಳಿಸಿದೆ. ಹೊಲದ ಗಾಳಿ ಒಳಗೆ ಬಂತು. ಅವಳಿಗೆ ನಾನು ಪೂರ್ತಿ ಕಾಣಲೆಂದು ಇಳಿದು, ಸುತ್ತುಹಾಕಿ ಹೋಗಿ, ಅವಳ ಬಾಗಿಲು ತೆರೆದು ಎದುರಿಗೆ ನಿಂತೆ.

‘ಅಕ್ಕಾ, ಆ ವರ್ಷ ನನಗ ಏನೂ ಕೆಲಸ ಇರ್ಲಿಲ್ಲ. ಗಾಡಿ ಬರೂದು ಹ್ಯಾಂಗ ಕಾಣತೈತಿ ಅಂತ ನೋಡಾಕ ಮನೀ ಮುಂದ ನಿಂತಿದ್ದೆ. ನೀ ಕಾಲಿಲೆ ನೆಲ ಹುಡುಕಿದ್ದೂ ನೋಡೇನಿ, ಏನೂ ಕಾಣವಲ್ದು ಅಂದದ್ದೂ ಕೇಳೇನಿ, ಕೇಳಿ ನಕ್ಕೇನಿ. ನಾ ಬಂದಿದ್ರ ನಿನ್ನ ಕಣ್ಣು ಉಳೀತಿತ್ತು. ತಪ್ಪಾತು ಅಕ್ಕಾ. ಹೊಟ್ಟ್ಯಾಗ ಹಾಕ್ಕೋ.’