ತಮ್ಮ ಫಕೀರನಾಗಲಿಲ್ಲ

ಹದಿನಾರನೇ ವಯಸ್ಸಿನಲ್ಲಿ ನನಗೆ ಭಕ್ತಿ ಬಂದದ್ದು ನೆಗಡಿ ಬಂದ ಹಾಗೆ, ಪಕ್ಕದಲ್ಲಿ ಕೂತವನಿಂದ. ಗೆಳೆಯರು ಶನಿವಾರ ಹನುಮಪ್ಪನ ಗುಡಿಗೆ ಹೊರಟರೆ ನಾನೂ ಹೊರಟೆ. ಅವರು ಕಾಗಿನೆಲೆಗೆ ನಡೆದುಹೋದರೆ ನನ್ನ ಕಾಲಲ್ಲೂ ಬೊಬ್ಬೆ. ಮೊಹರಂ ಬಂತೆಂದರೆ ಕೊರಳಿಗೆ ಲಾಡಿ ಎಂಬ ಕೆಂಪು ದಾರ ಕಟ್ಟಿಕೊಂಡು, ಫಕೀರನಾಗಿ ಮನೆಮನೆಗೆ ಜೋಳ ಬೇಡಿದೆ. ನಮ್ಮೂರಲ್ಲಿ ಹಾಗೆ ಫಕೀರರಾಗುತ್ತಿದ್ದವರು ಹೆಚ್ಚಾಗಿ ಹಿಂದೂ ಹುಡುಗರೇ. ದೇವರು ಇದ್ದಾನೋ ಇಲ್ಲವೋ ಅಂತ ಒಂದು ದಿನವೂ ಯೋಚಿಸಲಿಲ್ಲ. ಗೆಳೆಯರಿದ್ದರು, ಸಾಕಾಗಿತ್ತು.

ಈಗ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತೇನೆ. ಘಾಟನ್ನು ಬೇಕಂತಲೇ ಯಾರೂ ಅಂಗಿಗೆ ಹಚ್ಚಿಕೊಳ್ಳುವುದಿಲ್ಲ. ಚೀಲದ ಪಕ್ಕ ನಿಂತರೆ ಹತ್ತುತ್ತದೆ. ಮೊದಲ ತಿಂಗಳು ಸೀನು, ಆಮೇಲೆ ಅದೇ ನಮ್ಮ ಮೈವಾಸನೆ.

ತಮ್ಮ ಈರಣ್ಣನಿಗೆ ಈಗ ಹದಿನಾರು. ದಿನಾ ಬಸ್ಸು ಹತ್ತಿ ರಾಣೆಬೆನ್ನೂರಿನ ಕಾಲೇಜಿಗೆ ಹೋಗುತ್ತಾನೆ. ಕೂಸಿದ್ದಾಗ ಅವನಿಗೆ ಜ್ವರ ನೆತ್ತಿಗೇರಿತ್ತು. ಬದುಕಿದರೆ ಮದುವೆಯಾಗುವವರೆಗೂ ಪ್ರತಿವರ್ಷ ಮೊಹರಂನಲ್ಲಿ ಫಕೀರನನ್ನು ಮಾಡುತ್ತೇನೆಂದು ಅವ್ವ ಹರಕೆ ಹೊತ್ತಳು. ಹರಕೆ ತಪ್ಪಿದರೆ ಮಗ ಉಳಿಯುವುದಿಲ್ಲ ಎಂಬ ಹೆದರಿಕೆ ಅವಳಿಗೆ ಇವತ್ತಿಗೂ ಇದೆ. ಈ ವರ್ಷ ಅವಳು ಲಾಡಿ ಹಿಡಿದು ನಿಂತರೆ ಅವನು ಕೊರಳು ಕೊಡಲಿಲ್ಲ.

"ನಾ ಒಲ್ಲೆ ಬೇ. ಕಾಲೇಜ್ ಗೆಳ್ಯಾರ ಗ್ರೂಪಿನ್ಯಾಗ ಫೋಟೋ ಬಂದ್ರ ಫಕೀರ್ಯಾ ಅಂತ ಹೆಸರಿಟ್ಟು ಕಾಡ್ತಾರ. ಅದು ನಮ್ಮ ದೇವ್ರಲ್ಲ."

"ನಿನ್ನ ಉಳಿಸಿದಾಗ ಅದು ಯಾರ ದೇವ್ರಿತ್ತಲೇ?" ಅವ್ವ ಕೇಳಿದಳು.

ನಾನು ನಡುವೆ ಬಾಯಿ ಹಾಕಿದೆ. "ಲೇ, ಇದನ್ನ ನಿಂಗ ಕಲಿಸಿದಾಂವ ಯಾಂವ?"

"ನಿಂಗ್ಯಾರು ಕಲಿಸಿದ್ರಣ್ಣ? ನೀ ನಂಬಿ ಕಟ್ಟಿಕೊಂಡ್ಯೋ, ಗೆಳ್ಯಾರು ಕಟ್ಟಿಕೊಂಡ್ರು ಅಂತ ಕಟ್ಟಿಕೊಂಡ್ಯೋ?"

ಹೊಡೆಯಲು ಎತ್ತಿದ ಕೈ ಇಳಿಸಿದೆ. ನನ್ನ ಗೆಳೆಯರು ಎಲ್ಲ ಬಾಗಿಲಿಗೂ ಹೋಗುವವರಾಗಿದ್ದರು, ಇವನ ಗೆಳೆಯರು ಬಾಗಿಲು ಹಾಕುವವರು. ನಾನು ಒಳ್ಳೆಯವನಾಗಿದ್ದುದರಲ್ಲಿ ನನ್ನದೇನೂ ಇರಲಿಲ್ಲ. ಇದು ಗೊತ್ತಾದ ಮೇಲೆ ಯಾವ ಬಾಯಿಂದ ಬುದ್ಧಿ ಹೇಳಲಿ?

"ಹಂಗಾರ ನನಗ ಕಟ್ಟು ಬೇ" ಅಂದೆ.

"ಹರಕಿ ನಿಂದಲ್ಲೋ ಹುಚ್ಚಪ್ಪ."

ಅವ್ವ ಒಬ್ಬಳೇ ಮಸೂತಿಗೆ ಹೋಗಿ ಸಕ್ಕರೆಗೆ ಫಾತಿಹಾ ಓದಿಸಿಕೊಂಡು ಬಂದಳು. ಈರಣ್ಣ ಆ ಸಕ್ಕರೆಯನ್ನೂ ಮುಟ್ಟದೆ ಬಸ್ಸಿಗೆ ಹೋದ.

"ತಪ್ಪಾತು ಅಂತ ಬೇಡ್ಕೊಂಡ್ಯೇನು?" ಕೇಳಿದೆ.

"ಇಲ್ಲ. ಇವಂಗ ಆ ಹುಡುಗರ ಸಂಗ ಬಿಡಸಪ್ಪ ಅಂದೆ."

"ಬಿಡಸ್ತಾನಂತೇನು?"

ಅವ್ವ ಸಕ್ಕರೆಯ ಪೊಟ್ಟಣ ಮಡಚಿಟ್ಟಳು.

"ಹೆಂಗ ಬಿಡಸ್ತಾನೋ? ಆ ಹುಡುಗರ ಅವ್ವಂದಿರೂ ಬೇಡ್ಕೊಂಡಿರ್ತಾರ, ನಮ್ಮ ಈರ್ಯಾನ ಸಂಗ ಬಿಡಸು ಅಂತ."