ನಮ್ಮ ಲೈನಿನ ಕರೆಂಟು

ನನ್ನ ಗಂಡನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು. ಆಸ್ಪತ್ರೆ ಇರುವುದು ತೀರ್ಥಹಳ್ಳಿಯಲ್ಲಿ, ನಾವಿರುವುದು ಹೊಸನಗರದಿಂದಲೂ ಒಳಗೆ. ಮುಗಿಸಿ ಬರುವಾಗ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದರೆ ಸಾಕು, ಅವರಿಗೆ ವಾಂತಿ. ಎಲೆಕ್ಟ್ರಿಕ್ ಕಾರು ಕೊಂಡದ್ದು ಅದಕ್ಕೇ, ಶೋಕಿಗಲ್ಲ. ಅವರು ಮೊದಲ ಬಾರಿ ದಾರಿಯುದ್ದಕ್ಕೂ ನಿದ್ದೆ ಮಾಡಿಕೊಂಡು ಬಂದ ದಿನ, ಅಂಗಳದಲ್ಲಿ ಕಾರು ನಿಲ್ಲಿಸಿ, ಅವರನ್ನು ಎಬ್ಬಿಸಲು ಮನಸ್ಸಾಗದೆ ಸುಮ್ಮನೆ ಸ್ಟೇರಿಂಗ್ ಹಿಡಿದು ಕೂತಿದ್ದೆ.

ಮೊದಮೊದಲು ಸಂಜೆ ಪ್ಲಗ್ ಹಾಕಿದರೆ ಬೆಳಿಗ್ಗೆಗೆ ಬ್ಯಾಟರಿ ತುಂಬಿರುತ್ತಿತ್ತು. ಈ ಬೇಸಿಗೆಯಲ್ಲಿ ಅರ್ಧವೂ ತುಂಬದಾಯಿತು. ಕೆಲವು ದಿನ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತೇ ಬಿಡುತ್ತಿತ್ತು. ಶೋರೂಮಿಗೆ ಫೋನ್ ಮಾಡಿದರೆ, "ನಿಮ್ಮನೆ ವೈರಿಂಗ್ ಸರಿ ಇಲ್ಲ ಮೇಡಂ" ಎಂದರು. ಮೀಟರಿನಿಂದ ಶೆಡ್ಡಿಗೆ ದಪ್ಪ ವೈರು ಎಳೆಸಿದೆ. ಅರ್ಥಿಂಗ್ ನೋಡಿಸಿ ಎಂದರು. ಗುಂಡಿ ತೋಡಿಸಿ ಉಪ್ಪು, ಇದ್ದಿಲು ತುಂಬಿಸಿದೆ. ಸಾಕೆಟ್ ಬದಲಾಯಿಸಿದೆ. ಕೊನೆಗೆ ಕಾರನ್ನೇ ಶಿವಮೊಗ್ಗಕ್ಕೆ ಒಯ್ದೆ. ಅಲ್ಲಿ ಸಲೀಸಾಗಿ ಚಾರ್ಜ್ ಆಯಿತು. "ಗಾಡೀಲಿ ಏನೂ ತೊಂದ್ರೆ ಇಲ್ಲ" ಎಂದು ಕೀ ಕೈಗಿಟ್ಟು ಕಳಿಸಿದರು.

ಸಾಕೆಟ್ಟಿನ ಪಕ್ಕ ಒಂದು ಪುಟ್ಟ ವೋಲ್ಟ್ ಮೀಟರ್ ಕೂರಿಸಿಕೊಂಡು, ಸಂಜೆ ಅದರ ಮುಂದೆ ಸ್ಟೂಲ್ ಹಾಕಿ ಕೂತೆ. ಇನ್ನೂರ ಮೂವತ್ತರ ಆಸುಪಾಸು ಇದ್ದ ಅಂಕಿ, ಎದುರಿನ ಗುಡ್ಡದ ಮೇಲೆ ಈ ಬೇಸಿಗೆಗೆ ಶುರುವಾದ ಹೋಂಸ್ಟೇಯಲ್ಲಿ ದೀಪ ಹತ್ತುತ್ತಿದ್ದ ಹಾಗೆ ಇಳಿಯತೊಡಗಿತು. ಅಲ್ಲಿ ಎಸಿಗಳು ಶುರುವಾದ ಮೇಲೆ ನೂರ ಎಪ್ಪತ್ತಕ್ಕೂ ಕೆಳಗೆ ಬಂತು. ಚಾರ್ಜರಿನ ಕೆಂಪು ದೀಪ ಬಂತು. ಮಾರನೆಯ ಸಂಜೆಯೂ ಹಾಗೇ.

ವಿದ್ಯುತ್ ಕಚೇರಿಗೆ ಹೋಗಿ ಹೇಳಿದೆ. ಲೈನ್‌ಮನ್ ಬಂದದ್ದು ನಡು ಮಧ್ಯಾಹ್ನ. ಟೆಸ್ಟರ್ ಇಟ್ಟು, "ವೋಲ್ಟೇಜ್ ಚೆನ್ನಾಗೇ ಅದ್ಯಲ್ಲ ಮೇಡಂ" ಎಂದ.

"ಸಂಜೆ ಬಂದು ನೋಡಿ ಮಾರಾಯ್ರೆ."

"ಸಂಜೆ ನಂಗೆ ಡ್ಯೂಟಿ ಇಲ್ಲ. ಕಾರ್ ಕಂಪನಿಯೋರನ್ನೇ ಕೇಳಿ."

ಮತ್ತೆ ಹೋದೆ. ಮತ್ತೆ ಮತ್ತೆ ಹೋದೆ. ಪ್ರತಿ ಸಲವೂ ಸಾಹೇಬರು ಮೀಟಿಂಗಿನಲ್ಲಿ.

ಒಂದು ಸೋಮವಾರ ಆಗಬಾರದ್ದು ಆಯಿತು. ಭಾನುವಾರ ಹೋಂಸ್ಟೇಯಲ್ಲಿ ಮದುವೆ ಪಾರ್ಟಿಯವರು ತುಂಬಿದ್ದರು. ಬೆಳಿಗ್ಗೆ ಕಾರಿನಲ್ಲಿ ಆಸ್ಪತ್ರೆಯವರೆಗೆ ಹೋಗುವಷ್ಟೂ ಚಾರ್ಜ್ ಇರಲಿಲ್ಲ. ಬಾಡಿಗೆ ಜೀಪು ಹುಡುಕಿ ಹೊರಡುವಷ್ಟರಲ್ಲಿ ತಡವಾಗಿತ್ತು. ಡೀಸೆಲ್ ಹೊಗೆಗೆ ಗಂಡ ದಾರಿಯಲ್ಲಿ ಎರಡು ಕಡೆ ಇಳಿದು ವಾಂತಿ ಮಾಡಿಕೊಂಡರು. ಆಸ್ಪತ್ರೆ ತಲುಪುವಾಗ ಅವರ ಮೆಷಿನ್ನನ್ನು ಇನ್ನೊಬ್ಬರಿಗೆ ಕೊಟ್ಟಾಗಿತ್ತು. ಇನ್ನೊಂದು ಮೆಷಿನ್ ಖಾಲಿಯಾಗುವುದನ್ನು ಸಂಜೆಯವರೆಗೂ ಕಾರಿಡಾರಿನ ಬೆಂಚಿನಲ್ಲಿ ಕಾದೆವು. ಬಾತುಕೊಂಡ ಪಾದಗಳು ಚಪ್ಪಲಿಯಲ್ಲಿ ಹಿಡಿಸದೆ ಅವರು ಬರಿಗಾಲನ್ನು ನೆಲಕ್ಕೆ ಊರಿ ಕೂತಿದ್ದರು. "ಬಿಡೆ, ಯಾರ ಹತ್ರಾನೂ ಜಗಳ ಬ್ಯಾಡ" ಎಂದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಮಾರನೆಯ ಸಂಜೆ ಕಾರನ್ನು ಗುಡ್ಡಕ್ಕೆ ಹತ್ತಿಸಿದೆ. ಹೋಂಸ್ಟೇ ಗೇಟಿನಲ್ಲೇ ಬೋರ್ಡು: 'ಎಲೆಕ್ಟ್ರಿಕ್ ಕಾರ್ ಚಾರ್ಜಿಂಗ್ ಸೌಲಭ್ಯವಿದೆ.' ಅದನ್ನು ಓದಿ ನನ್ನ ಮೈಯೆಲ್ಲ ಉರಿಯಿತು. ಸೀದಾ ಹೋಗಿ ಅವರ ಚಾರ್ಜರಿನ ಮುಂದೆ ನಿಲ್ಲಿಸಿ ಪ್ಲಗ್ ಹಾಕಿದೆ. ವೋಲ್ಟೇಜ್ ಇಳಿಯದಂತೆ ಅವರು ದೊಡ್ಡ ಸ್ಟೆಬಿಲೈಸರ್ ಕೂರಿಸಿಕೊಂಡಿದ್ದರು, ಕೆಂಪು ದೀಪ ಬರಲಿಲ್ಲ. ಹೋಂಸ್ಟೇ ನಡೆಸುವವನು ನನ್ನ ಗಂಡನ ಜೊತೆ ಓದಿದವನು. ಓಡಿ ಬಂದ.

"ಎಂತ ಇದು ಅತ್ತಿಗೆ? ಇದು ಗೆಸ್ಟ್‌ಗಳಿಗೆ ಮಾತ್ರ."

"ನಮ್ಮನೆ ಲೈನಿನ ಕರೆಂಟು ಇಲ್ಲಿ ಉರೀತಾ ಇದೆ. ವಾಪಸ್ ತಗೊಂಡ್ಹೋಗಕ್ಕೆ ಬಂದೆ."

ಹಿಂದೆ ಕೇಬಲ್ ಹಿಡಿದು ನಿಂತಿದ್ದ ಅತಿಥಿಯೊಬ್ಬರು, "ಮೇಡಂ, ನಾವು ನಾಳೆ ಬೆಂಗಳೂರಿಗೆ ಹೋಗ್ಬೇಕು" ಎಂದರು.

"ನಾವು ನಾಳೆ ಡಯಾಲಿಸಿಸ್‌ಗೆ ಹೋಗ್ಬೇಕು."

ಅವರು ಕೇಬಲ್ ಸುತ್ತಿಕೊಂಡು ಹೋದರು. ಹೋಂಸ್ಟೇಯವನು ದನಿ ತಗ್ಗಿಸಿ, ಬೇರೆ ಟ್ರಾನ್ಸ್‌ಫಾರ್ಮರ್ ಹಾಕಿಸಲು ತಡವಾಗುತ್ತದೆಂದು ಲೈನ್‌ಮನ್ನೇ ಸದ್ಯಕ್ಕೆ ಕಂಬದ ಮೂರು ಫೇಸಿನ ತಂತಿಗಳಲ್ಲಿ ನಮ್ಮ ಮನೆಗೆ ಬರುವ ಒಂದೇ ಫೇಸಿಗೆ ಹೋಂಸ್ಟೇಯದ್ದೆಲ್ಲವನ್ನೂ ಸೇರಿಸಿಕೊಟ್ಟದ್ದನ್ನು ಒಪ್ಪಿಕೊಂಡ. "ನಿಮಗೆ ಇಷ್ಟು ತೊಂದ್ರೆ ಅಂತ ಗೊತ್ತಿರ್ಲಿಲ್ಲ" ಎಂದ. ಗೊತ್ತಿಲ್ಲದ್ದು ನಿಜವಿರಬಹುದು. ಆದರೆ ನಮ್ಮ ಮನೆ ಅವನ ಜಗಲಿಯಿಂದಲೇ ಕಾಣುತ್ತದೆ. ನಮ್ಮ ಬಲ್ಬುಗಳು ದಿನಾ ಸಂಜೆ ಮಂಕಾಗುವುದೂ ಕಾಣುತ್ತದೆ. ಬ್ಯಾಟರಿ ಸಾಕಷ್ಟು ತುಂಬುವವರೆಗೆ ನಾನು ಅವನ ಜಗಲಿಯ ಕುರ್ಚಿ ಬಿಟ್ಟು ಏಳಲಿಲ್ಲ. ಅತಿಥಿಗಳ ಎದುರು ಮರ್ಯಾದೆ ಹೋಗುವುದನ್ನು ತಾಳಲಾರದೆ ಅವನು ನನ್ನೆದುರೇ ಯಾರಿಗೋ ಫೋನ್ ಮಾಡಿದ.

ಮರುದಿನ ಗಂಡನನ್ನು ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಮುಟ್ಟಿಸಿದೆ. ವಾಪಸ್ ಬರುವಾಗ ನಮ್ಮ ಗದ್ದೆಯಂಚಿನ ಕಂಬಕ್ಕೆ ಏಣಿ ಇಟ್ಟಾಗಿತ್ತು. ನಾನು ಅಷ್ಟು ಸಲ ಅಲೆದರೂ ಆಗದ್ದು ಅವನ ಒಂದೇ ಫೋನಿಗೆ ಆಗಿತ್ತು. ಹೋಂಸ್ಟೇಯ ಲೈನನ್ನು ಬೇರೆ ಫೇಸಿಗೆ ಹಾಕಿ ಅದೇ ಲೈನ್‌ಮನ್ ಕೆಳಗಿಳಿದ. ಬೆವರು ಒರೆಸಿಕೊಳ್ಳುತ್ತ, "ಇಷ್ಟೇ ಕೆಲ್ಸ. ಮೊದ್ಲೇ ಒಂದ್ಮಾತು ಹೇಳಿದ್ರೆ ಮಾಡ್ಕೊಡ್ತಿದ್ನಲ್ಲ ಮೇಡಂ" ಎಂದ.

ಅಂದಿನಿಂದ ಕಾರು ಬೆಳಿಗ್ಗೆಯೊಳಗೆ ತುಂಬುತ್ತಿದೆ ಎನ್ನುವುದು ನಿಜ. ಈಗ ಆ ಬೇರೆ ಫೇಸಿನಲ್ಲಿರುವ ಮನೆಗಳವರು ಯಾರ ಹತ್ತಿರ ಅಲೆಯುತ್ತಿದ್ದಾರೋ ಗೊತ್ತಿಲ್ಲ. ಆ ಹೊತ್ತು ಮಾತ್ರ, ಕಾರಿನಿಂದ ನಿಧಾನ ಇಳಿದ ಗಂಡ ಎಂದಿನಂತೆ, "ಬಿಸಿಲಲ್ಲಿ ಹತ್ತಿದಾನೆ, ಒಂದು ಲೋಟ ಮಜ್ಜಿಗೆ ಕೊಡೆ" ಎಂದರು.

ನಮ್ಮ ಅಂಗಳಕ್ಕೆ ಬಂದವರನ್ನು ನಾನು ಯಾವತ್ತೂ ಹಾಗೇ ಕಳಿಸಿದವಳಲ್ಲ. ಅವತ್ತು ಕಳಿಸಿದೆ.