ಆಟಿಗೆ ಮೊದಲು ಉಕ್ಕಿದ ಹಾಲು

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮನೆ ಇಲ್ಲದವರಿಗೆ ಸರಕಾರ ತೋಡಾರಿನ ಹತ್ತಿರ ಜಾಗ ಕೊಟ್ಟು, ಗೋಡೆಗೆ ಕಲ್ಲು, ಮಾಡಿಗೆ ಹಂಚು ಒದಗಿಸಿತು. ನನ್ನ ಗಂಡ ಮೂಡುಬಿದಿರೆಯಲ್ಲಿ ದರ್ಜಿ, ನಾನು ಬೀಡಿ ಕಟ್ಟುವವಳು. ಮದುವೆಯಾದ ಮೇಲೆ ನಾಲ್ಕು ಬಾಡಿಗೆ ಮನೆ ಕಂಡಿದ್ದ ನಮ್ಮ ಹೆಸರು ಪಟ್ಟಿಯಲ್ಲಿ ಬಂದದ್ದೇ ಆಶ್ಚರ್ಯ. ಮನೆ ಎದ್ದು ನಿಂತರೂ ನನಗೆ ನಂಬಿಕೆ ಇರಲಿಲ್ಲ. ಹಕ್ಕುಪತ್ರ ಕೈಗೆ ಬರುವ ತನಕ ಅದು ನಮ್ಮದಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳಿ ಗಂಡನ ತಲೆ ತಿನ್ನುತ್ತಿದ್ದೆ.

ಅಧಿಕಾರಿ ಬಂದು ಕೊನೆಯ ತನಿಖೆ ಮಾಡುವ ಮೊದಲು ಒಕ್ಕಲಾಗಿ ಮನೆ ಹೊಕ್ಕರೆ ಹಕ್ಕುಪತ್ರ ಇಲ್ಲ ಎಂದು ಪಂಚಾಯತಿಯ ಗುಮಾಸ್ತರು ಬೆರಳೆತ್ತಿ ಹೇಳಿದ್ದರು. ಆ ಅಧಿಕಾರಿ ಬರಲೇ ಇಲ್ಲ. ಇತ್ತ ಮಳೆಗಾಲದ ಆಟಿ ತಿಂಗಳು ಹತ್ತಿರ ಬಂತು. ಆಟಿಯಲ್ಲಿ ನಮ್ಮ ಕಡೆ ಯಾರೂ ಹೊಸ ಮನೆಗೆ ಒಕ್ಕಲಾಗುವುದಿಲ್ಲ. ಬಾಡಿಗೆ ಮನೆಯ ಧಣಿಗಳೋ, ಆಟಿ ಮುಗಿಯುವುದರೊಳಗೆ ಖಾಲಿ ಮಾಡಿ ಎಂದು ಹಟ ಹಿಡಿದು ಕೂತಿದ್ದರು.

ದಾರಿ ಹುಡುಕಿದವರು ನಮ್ಮ ಜೊತೆಗಿದ್ದ ಅತ್ತೆ.

"ಆಟಿಗೆ ಮೊದಲೇ ಹಾಲು ಉಕ್ಕಿಸುವ. ಹಾಲು ಉಕ್ಕಿದರೆ ಒಕ್ಕಲಾದ ಹಾಗೆ. ಸಾಮಾನು ಮತ್ತೆ ಯಾವಾಗ ತಂದರೂ ಆಗ್ತದೆ."

"ಆಫೀಸಿನವರಿಗೆ ಗೊತ್ತಾದರೆ?" ಎಂದೆ.

"ಯಾರು ಹೇಳ್ತಾರೆ? ನೀನಾ?"

ಹೇಳುವವಳು ನಾನಲ್ಲ, ಹೆದರುವವಳು ನಾನು. ಆಟಿ ಶುರುವಾಗುವ ಸಂಕ್ರಮಣದ ಹಿಂದಿನ ದಿನ ಬೆಳಿಗ್ಗೆ ಅಡುಗೆ ಕೋಣೆಯಲ್ಲಿ ಮೂರು ಕಲ್ಲು ಇಟ್ಟು ಹಾಲು ಕಾಯಿಸಿದೆವು. ಅದು ಉಕ್ಕಿ ನೆಲಕ್ಕೆ ಹರಿದಾಗ ಅತ್ತೆ ಕೈಮುಗಿದು ಕಣ್ಣೊರೆಸಿಕೊಂಡರು. ನಾನು ಕಿಟಕಿಯಿಂದ ರಸ್ತೆ ನೋಡುತ್ತಿದ್ದೆ. ಆಮೇಲೆ ಕಲ್ಲುಗಳನ್ನು ಹೊರಗೆಸೆದು, ಬೂದಿ ಗುಡಿಸಿ, ಗೋಡೆಗೆ ಹಿಡಿದ ಮಸಿಯನ್ನು ತೆಂಗಿನ ನಾರಿನಲ್ಲಿ ಉಜ್ಜಿದೆ. ಉಜ್ಜಿದಷ್ಟೂ ಅದು ಅಗಲವಾಯಿತು.

ಹಾಲು ಉಕ್ಕಿಸಿದ ಒಂಬತ್ತನೆಯ ದಿನ, ಪಂಚಾಯತಿಯಿಂದ ಕರೆ ಬಂದು ನಾವು ಮೂವರೂ ಹೊಸ ಮನೆಯಲ್ಲಿ ಕಾಯುತ್ತಿದ್ದಾಗ, ಅಧಿಕಾರಿ ಕೊಡೆ ಮಡಚುತ್ತಾ ಬಂದರು. ಗೋಡೆ ಅಳೆದರು, ಹಂಚು ನೋಡಿದರು, ಅಡುಗೆ ಕೋಣೆಗೆ ಬಂದು ನಿಂತುಬಿಟ್ಟರು. ಬಗ್ಗಿ ಗೋಡೆಗೆ ಬೆರಳು ತಾಗಿಸಿದರು. ಮತ್ತೆ ಹಿರಿಯರಾದ ಅತ್ತೆಯ ಕಡೆ ತಿರುಗಿದರು.

"ಅಮ್ಮಾ, ಇಲ್ಲಿ ಹಾಲು ಉಕ್ಕಿಸಿದ್ದುಂಟಾ?"

ಗಂಡ ಮಾಡು ನೋಡತೊಡಗಿದರು. ನೆರೆಮನೆಯ ಮರದಿಂದ ನಮ್ಮ ಅಂಗಳಕ್ಕೆ ಬಿದ್ದ ತೆಂಗಿನಕಾಯಿಯನ್ನೂ ಹಿಂದೆ ಕೊಟ್ಟು ಬರುವ ಹೆಂಗಸು ಅತ್ತೆ. ಮುಗಿಯಿತು ನಮ್ಮ ಕಥೆ ಅಂದುಕೊಂಡೆ.

"ಇಲ್ಲ ಸ್ವಾಮಿ," ಎಂದರು ಅತ್ತೆ. "ಈ ಮನೆಯಲ್ಲಿ ಹಾಲು ಉಕ್ಕಲಿಲ್ಲ."

ಅಧಿಕಾರಿ ಅತ್ತೆಯ ಮುಖ ನೋಡಿ, ಕಾಗದಕ್ಕೆ ಸಹಿ ಹಾಕಿದರು. ಅವರು ಬೇಲಿಯ ದಣಪೆ ದಾಟಿದ್ದೇ ತಡ, ನಾನು ಸಂತೋಷದಿಂದ ಜೋರಾಗಿ ನಕ್ಕೆ. ಅತ್ತೆ ಜಗಲಿಯಲ್ಲಿ ಕೂತು ತಲೆ ಎತ್ತಲಿಲ್ಲ.

"ಉಕ್ಕಿದ ಹಾಲನ್ನು ನನ್ನ ಬಾಯಿಯಿಂದಲೇ ಇಲ್ಲ ಅಂದೆ," ಎಂದರು.

"ಬಿಡಿ ಅತ್ತೆ, ಮನೆ ಸಿಕ್ಕಿತಲ್ಲ," ಎಂದೆ. ಆ ಮಾತಿಗೆ ಇಂದಿಗೂ ನಾಚಿಕೆಯಾಗುತ್ತದೆ.

ಹಕ್ಕುಪತ್ರ ಬಂತು, ನಾವೂ ಬಂದೆವು. ಬದುಕಿದ್ದಷ್ಟು ವರ್ಷವೂ ಅತ್ತೆ ಹಾಲು ಕಾಯಿಸುವ ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಹಾಲು ಮೇಲೆದ್ದರೂ ಪಾತ್ರೆ ಇಳಿಸುತ್ತಿರಲಿಲ್ಲ. ಒಲೆ ಒರೆಸಿ ಒರೆಸಿ ಸಾಕಾಗಿ ನಾನು ಗೊಣಗಿದರೆ ಹೇಳುತ್ತಿದ್ದರು:

"ಉಕ್ಕಲಿ ಬಿಡು. ಇನ್ನು ಯಾರಾದರೂ ಕೇಳಿದರೆ ಉಂಟು ಅಂತ ಹೇಳ್ತೇನೆ."